ನಗರದ ಬಜೆಟ್ ಓದುವುದು ಹೇಗೆ: ಮೊದಲು ಮುಗಿದ ವರ್ಷದ ಲೆಕ್ಕ ತೆಗೆಯಿರಿ

ಬಜೆಟ್ ಮಂಡನೆಯಾದ ಮರುದಿನ ಎಲ್ಲರ ಬಾಯಲ್ಲೂ ಒಂದೇ ಸಂಖ್ಯೆ. ಒಟ್ಟು ಗಾತ್ರ ಎಷ್ಟು ಅನ್ನೋದು. ನ್ಯೂಯಾರ್ಕ್ ನಗರದ 2025-26ರ ಬಜೆಟ್ 11,590 ಕೋಟಿ ಡಾಲರ್. ಬೃಹನ್ಮುಂಬೈ ಮಹಾನಗರ ಪಾಲಿಕೆಯದು ಅದೇ ವರ್ಷ 74,427 ಕೋಟಿ ರೂಪಾಯಿ. ಕೇಳಿದರೆ ತಲೆ ತಿರುಗುತ್ತದೆ. ಆದರೆ ಇಷ್ಟರಿಂದ ನಿಮಗೆ ಗೊತ್ತಾದದ್ದೇನು? ನಗರದ ಕೈಯಲ್ಲಿ ಕಾಸು ಇದೆಯಾ, ಸಾಲ ತೀರಿಸುವ ತಾಕತ್ತು ಇದೆಯಾ, ಘೋಷಣೆ ಮಾಡಿದ ಕೆಲಸ ನಡೆಯುತ್ತಾ? ಒಂದಕ್ಕೂ ಉತ್ತರ ಸಿಗಲಿಲ್ಲ, ಅಲ್ವಾ?

ನಾನು ಸರ್ಕಾರಿ ಲೆಕ್ಕ ಪರಿಶೋಧನೆಯಲ್ಲಿ ಕೆಲಸ ಮಾಡಿದವಳು. ಈಗಲೂ ಬೇರೆ ಬೇರೆ ನಗರಗಳ ಬಜೆಟ್ ಪುಸ್ತಕ ಓದುವುದು ನನಗೆ ಇಷ್ಟದ ಕೆಲಸ. ಯಾರಾದರೂ "ಎಲ್ಲಿಂದ ಶುರು ಮಾಡೋದು?" ಅಂತ ಕೇಳಿದರೆ ನಾನು ಹೇಳುವುದು ಒಂದೇ ಮಾತು. ಬರುವ ವರ್ಷದ ಪುಟ ಮುಚ್ಚಿಡಿ, ಮುಗಿದ ವರ್ಷದ್ದು ತೆಗೆಯಿರಿ. ಬರುವ ವರ್ಷದ್ದು ಆಸೆ. ಮುಗಿದ ವರ್ಷದ್ದು ನಡೆದ ಸಂಗತಿ. ಇವೆರಡರ ನಡುವಿನ ಅಂತರವೇ ಆ ನಗರದ ನಿಜವಾದ ಸ್ಥಿತಿ.

ಬೇಕಾದ ಕಾಗದ

ಬಜೆಟ್ ಭಾಷಣ ಸಾಲದು. ಭಾಷಣದಲ್ಲಿ ಹೊಸ ಯೋಜನೆಗಳು ಇರುತ್ತವೆ, ಹಳೆಯ ಬಾಕಿ ಇರುವುದಿಲ್ಲ. ನಿಮಗೆ ಬೇಕಾದದ್ದು ಅಂದಾಜುಗಳ ಪುಸ್ತಕ, ಅಂದರೆ ಸಾಲು ಸಾಲಾಗಿ ಲೆಕ್ಕಶೀರ್ಷಿಕೆ (ಪ್ರತಿ ಆದಾಯದ, ಖರ್ಚಿನ ಬಾಬ್ತಿನ ಹೆಸರು) ಇರುವ ದಪ್ಪ ಪುಸ್ತಕ. ಅದರ ಜತೆಗೆ ಆಡಿಟ್ ಆಗಿರುವ ಕೊನೆಯ ವರ್ಷದ ಲೆಕ್ಕಪತ್ರ, ಸಾಲದ ಪಟ್ಟಿ, ಮತ್ತು ಇದ್ದರೆ ಮೂರು-ನಾಲ್ಕು ವರ್ಷದ ಹಣಕಾಸು ಮುನ್ನೋಟ. ಆಡಿಟ್ ಲೆಕ್ಕ ಸಾಮಾನ್ಯವಾಗಿ ಒಂದೆರಡು ವರ್ಷ ಹಿಂದಿನದ್ದೇ ಸಿಗುತ್ತದೆ. ಪರವಾಗಿಲ್ಲ. ಅದಕ್ಕಿಂತ ಹಿಂದೆ ಬಿದ್ದಿದ್ದರೆ ಆ ಸಂಗತಿಯನ್ನೇ ಗುರುತು ಹಾಕಿಕೊಳ್ಳಿ. ಲೆಕ್ಕ ಮುಚ್ಚದ ನಗರ ಹೊಸ ಅಂದಾಜನ್ನು ಯಾವ ಆಧಾರದ ಮೇಲೆ ಬರೆಯುತ್ತದೆ?

ಹಣಕಾಸು ವರ್ಷ ಎಲ್ಲ ಕಡೆ ಒಂದೇ ದಿನ ಶುರುವಾಗುವುದಿಲ್ಲ. ಭಾರತದ ನಗರಗಳಿಗೆ, ಟೋಕಿಯೋಗೆ, ಬ್ರಿಟನ್ನಿನ ನಗರಗಳಿಗೆ ಏಪ್ರಿಲ್ 1. ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋಗೆ ಜುಲೈ 1. ಶಿಕಾಗೋ, ಪ್ಯಾರಿಸ್‌ಗೆ ಜನವರಿ 1. ಎರಡು ನಗರಗಳನ್ನು ಹೋಲಿಸುವ ಮುಂಚೆ ಇದನ್ನು ನೋಡಿಕೊಳ್ಳಿ. ಇನ್ನೊಂದು ವಿಷಯ: ಓದಬೇಕಾದದ್ದು ಬಜೆಟ್ ಪಾಸಾದ ಮೇಲೆ ಅಲ್ಲ, ಕರಡು ಬಂದಾಗ. ನ್ಯೂಯಾರ್ಕಿನಲ್ಲಿ ಪ್ರಾಥಮಿಕ ಬಜೆಟ್ ವರ್ಷದ ಮೊದಲ ತಿಂಗಳುಗಳಲ್ಲಿ ಬರುತ್ತದೆ, ಮೇಯರ್ ಪರಿಷ್ಕರಿಸಿದ ಬಜೆಟ್ ವಸಂತಕಾಲದಲ್ಲಿ, 51 ಸದಸ್ಯರ ಕೌನ್ಸಿಲ್ ಒಪ್ಪಿಗೆ ಜೂನ್ ಕೊನೆಯ ಹೊತ್ತಿಗೆ. ಮಧ್ಯೆ ಸಾರ್ವಜನಿಕರ ಅಹವಾಲು ಕೇಳುತ್ತಾರೆ. ಪ್ರಶ್ನೆ ಕೇಳಿದರೆ ಉಪಯೋಗ ಇರುವುದು ಆ ತಿಂಗಳುಗಳಲ್ಲೇ.

ಒಂದು ಸಾಲು, ನಾಲ್ಕು ಕಾಲಂ

ಅಂದಾಜು ಪುಸ್ತಕದ ಯಾವುದಾದರೂ ಪುಟ ತೆರೆಯಿರಿ. ಎಡಗಡೆ ಲೆಕ್ಕಶೀರ್ಷಿಕೆ. ಬಲಕ್ಕೆ ನಾಲ್ಕು ಕಾಲಂ: ಮುಗಿದ ವರ್ಷದ ವಾಸ್ತವ ಲೆಕ್ಕ, ನಡೆಯುತ್ತಿರುವ ವರ್ಷದ ಮೂಲ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು. ಹೆಚ್ಚಿನವರ ಕಣ್ಣು ಸೀದಾ ಕೊನೆಯ ಕಾಲಂಗೆ ಹೋಗುತ್ತದೆ. ನೀವು ಒಂದು ಸ್ಕೇಲ್ ಇಟ್ಟು ಕೊನೆಯ ಕಾಲಂ ಮುಚ್ಚಿಬಿಡಿ. ನಾನು ಈಗಲೂ ಹಾಗೆಯೇ ಮಾಡುತ್ತೇನೆ.

ಒಂದು ಸಾಲನ್ನು ಕೈಗೆತ್ತಿಕೊಳ್ಳೋಣ. ಇಲ್ಲಿರುವ ಸಂಖ್ಯೆಗಳು ಬರೀ ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ಮಳೆನೀರು ಕಾಲುವೆ ಹೂಳೆತ್ತುವುದು ಅಂತ ಒಂದು ಶೀರ್ಷಿಕೆ ಇದೆ ಅಂದುಕೊಳ್ಳಿ. ಮುಗಿದ ವರ್ಷಕ್ಕೆ 100 ಅಂತ ಅಂದಾಜು ಇಟ್ಟಿದ್ದರು, ಖರ್ಚಾದದ್ದು 58. ಆ 100 ಈ ಪುಸ್ತಕದಲ್ಲಿ ಇರುವುದಿಲ್ಲ, ಹಿಂದಿನ ಪುಸ್ತಕದಿಂದ ಹುಡುಕಿ ತರಬೇಕು. ಅದಕ್ಕೇ ಹಳೆಯ ಪುಸ್ತಕ ಬಿಸಾಡಬೇಡಿ ಅನ್ನುವುದು. ನಡೆಯುತ್ತಿರುವ ವರ್ಷಕ್ಕೆ 120 ಇಟ್ಟರು, ಪರಿಷ್ಕರಿಸಿ 75ಕ್ಕೆ ಇಳಿಸಿದರು. ಈಗ ಬರುವ ವರ್ಷಕ್ಕೆ 140 ಇಡುತ್ತಿದ್ದಾರೆ. ಭಾಷಣದಲ್ಲಿ ಬರುವುದು "ಕಾಲುವೆಗೆ ಹಿಂದೆಂದೂ ಕೊಡದಷ್ಟು ಹಣ" ಅಂತ. ಸಾಲು ಹೇಳುವುದೇ ಬೇರೆ: ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಖರ್ಚಾಗುತ್ತಿದೆ. ಹಣ ಸಾಲದ್ದರಿಂದಲೋ, ಟೆಂಡರ್ ತಡವಾದದ್ದರಿಂದಲೋ, ಗುತ್ತಿಗೆದಾರರು ಬಾರದೆ ಹೋದದ್ದರಿಂದಲೋ, ಅದನ್ನು ಕೇಳಬೇಕು.

ಪರಿಷ್ಕೃತ ಅಂದಾಜನ್ನೂ ಪೂರ್ತಿ ನಂಬಬೇಡಿ. ಅದು ವರ್ಷ ಮುಗಿಯುವ ಮೊದಲೇ ಬರೆದದ್ದು, ಕೊನೆಯ ತಿಂಗಳುಗಳಲ್ಲಿ ಬರಬಹುದಾದ ಹಣವನ್ನೂ ಸೇರಿಸಿಕೊಂಡಿರುತ್ತದೆ. ವಾಸ್ತವ ಲೆಕ್ಕ ಮಾತ್ರ ಮುಗಿದ ಮಾತು.

ಇದನ್ನೇ ಆದಾಯದ ಒಟ್ಟು ಮೊತ್ತಕ್ಕೆ ಮಾಡಿ ನೋಡಿ. ಐದು ವರ್ಷ ಹಿಂದಕ್ಕೆ ಹೋಗಿ, ಪ್ರತಿ ವರ್ಷ ಅಂದಾಜು ಮಾಡಿದ ಆದಾಯದಲ್ಲಿ ನೂರಕ್ಕೆ ಎಷ್ಟು ಬಂತು ಅಂತ ಒಂದು ಹಾಳೆಯಲ್ಲಿ ಬರೆಯಿರಿ. 95ರ ಮೇಲೆ ಇದ್ದರೆ ಲೆಕ್ಕ ಬರೆಯುವವರು ಎಚ್ಚರದಿಂದ ಇದ್ದಾರೆ. ವರ್ಷ ವರ್ಷವೂ 70ರ ಆಸುಪಾಸು ಇದ್ದರೆ ಆದಾಯವನ್ನು ಬೇಕಂತಲೇ ಉಬ್ಬಿಸಿ ಬರೆಯುತ್ತಿದ್ದಾರೆ.

ಉಬ್ಬಿಸಿದರೆ ಯಾರಿಗೆ ನಷ್ಟ? ಇಲ್ಲಿ ಸ್ವಲ್ಪ ನಿಧಾನಿಸೋಣ, ಏಕೆಂದರೆ ಬಹಳ ನಗರಗಳು ಕೆಡುವುದು ಇದೇ ದಾರಿಯಲ್ಲಿ. ಆದಾಯ ಜಾಸ್ತಿ ಬರೆದರೆ ಅಷ್ಟೇ ಕೆಲಸ ಜಾಸ್ತಿ ಘೋಷಿಸಬಹುದು. ಘೋಷಿಸಿದ ಮೇಲೆ ಟೆಂಡರ್ ಕರೆಯುತ್ತಾರೆ, ಕಾರ್ಯಾದೇಶ ಕೊಡುತ್ತಾರೆ, ಗುತ್ತಿಗೆದಾರ ಕೆಲಸ ಮುಗಿಸಿ ಬಿಲ್ ಇಡುತ್ತಾನೆ. ಅಷ್ಟು ಹೊತ್ತಿಗೆ ಖಜಾನೆಯಲ್ಲಿ ಹಣ ಇರುವುದಿಲ್ಲ. ಬಿಲ್ ಬಾಕಿ ಉಳಿಯುತ್ತದೆ. ಮುಂದಿನ ವರ್ಷದ ಆದಾಯ ಬಂದ ಕೂಡಲೇ ಮೊದಲು ಹಳೆ ಬಿಲ್‌ಗೆ ಹೋಗುತ್ತದೆ, ಹೊಸ ಕೆಲಸಕ್ಕೆ ಮತ್ತೆ ಬಾಕಿ. ಹಣ ತಡವಾಗಿ ಬರುತ್ತದೆ ಅಂತ ಗೊತ್ತಿರುವ ಗುತ್ತಿಗೆದಾರ ಮುಂದಿನ ಟೆಂಡರಿನಲ್ಲಿ ಬಡ್ಡಿಯನ್ನೂ ಸೇರಿಸಿಯೇ ದರ ಹಾಕುತ್ತಾನೆ. ಬಂಡವಾಳ ಇಲ್ಲದ ಸಣ್ಣ ಗುತ್ತಿಗೆದಾರ ಟೆಂಡರಿಗೇ ಬರುವುದಿಲ್ಲ. ಅದೇ ಕೆಲಸಕ್ಕೆ ನಗರ ಜಾಸ್ತಿ ಹಣ ಕೊಡುತ್ತದೆ. ಈ ಬಾಕಿ ಬಿಲ್ಲುಗಳ ಮೊತ್ತ ಬಜೆಟ್ ಭಾಷಣದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ಎರಡು ಗಂಟು ಬೆರೆತಿವೆಯಾ ನೋಡಿ

ಪ್ರತಿ ನಗರಕ್ಕೂ ಎರಡು ಲೆಕ್ಕ ಇರುತ್ತದೆ. ಒಂದು ರಾಜಸ್ವ ಲೆಕ್ಕ: ಸಂಬಳ, ಕಸ ಸಾಗಣೆ, ಬೀದಿ ದೀಪದ ವಿದ್ಯುತ್, ಬಡ್ಡಿ. ಇನ್ನೊಂದು ಬಂಡವಾಳ ಲೆಕ್ಕ: ಸೇತುವೆ, ನೀರಿನ ಕೊಳವೆ, ಆಸ್ಪತ್ರೆ ಕಟ್ಟಡ. ಮನೆ ಕಟ್ಟಲು ಸಾಲ ಮಾಡುವುದು ಬೇರೆ, ಮನೆಗೆ ದಿನಸಿ ತರಲು ಸಾಲ ಮಾಡುವುದು ಬೇರೆ. ನಗರವೂ ಅಷ್ಟೇ.

ಇದು ತಪ್ಪಿದರೆ ಏನಾಗುತ್ತದೆ ಅಂತ ನೋಡಲು 1975ರ ನ್ಯೂಯಾರ್ಕ್‌ಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಆ ನಗರ ವರ್ಷಗಟ್ಟಲೆ ದಿನದ ಖರ್ಚುಗಳನ್ನು ಬಂಡವಾಳ ಬಜೆಟ್‌ಗೆ ತಳ್ಳಿತ್ತು. ಸಾಲ ಮಾಡಿ ಕಟ್ಟಡ ಕಟ್ಟುವ ಬದಲು ಸಾಲ ಮಾಡಿ ಸಂಬಳ ಕೊಡುವಂತಾಯಿತು. ಜತೆಗೆ ಮುಂದೆ ಬರಬಹುದಾದ ತೆರಿಗೆ ಮತ್ತು ಅನುದಾನವನ್ನು ತೋರಿಸಿ ಅಲ್ಪಾವಧಿ ಸಾಲ ಎತ್ತುತ್ತಿತ್ತು. ಅದರಲ್ಲಿ ಎಷ್ಟೋ ಹಣ ಎಂದೂ ವಸೂಲಾಗುವಂಥದ್ದಲ್ಲ. ಅಲ್ಪಾವಧಿ ಸಾಲವೇ ಸುಮಾರು 600 ಕೋಟಿ ಡಾಲರ್ ತಲುಪಿತು. ಹಳೆ ಸಾಲ ತೀರಿಸಲು ಹೊಸ ಸಾಲ. 1975ರ ವಸಂತದಲ್ಲಿ ಬ್ಯಾಂಕುಗಳು "ಇನ್ನು ಸಾಧ್ಯವಿಲ್ಲ" ಅಂದವು. ಆಗ ಮೇಯರ್ ಆಗಿದ್ದ ಏಬ್ ಬೀಮ್ ಅದಕ್ಕೂ ಮುಂಚೆ ಅದೇ ನಗರದ ಲೆಕ್ಕಪತ್ರ ಮುಖ್ಯಸ್ಥರಾಗಿದ್ದವರು.

ಅಕ್ಟೋಬರ್ 17ರಂದು ನಗರ ಸಾಲ ಕಟ್ಟಲಾಗದೆ ಕೈಚೆಲ್ಲುವ ಹಂತಕ್ಕೆ ಬಂತು. ಉಳಿಸಿದ್ದು ಶಿಕ್ಷಕರ ಪಿಂಚಣಿ ನಿಧಿ. ಅದು 15 ಕೋಟಿ ಡಾಲರಿನ ಬಾಂಡ್, ಅಂದರೆ ಸಾಲಪತ್ರ, ಕೊಳ್ಳಲು ಕೊನೇ ಗಳಿಗೆಯಲ್ಲಿ ಒಪ್ಪಿತು. ನಿವೃತ್ತಿಗೆ ಅಂತ ಶಿಕ್ಷಕರು ಇಟ್ಟುಕೊಂಡ ಹಣ ಅದು. ಆಮೇಲೆ ಸಾವಿರಾರು ನೌಕರರು ಕೆಲಸ ಕಳೆದುಕೊಂಡರು. ಅಲ್ಲಿಯವರೆಗೆ ಬೋಧನಾ ಶುಲ್ಕ ಇಲ್ಲದಿದ್ದ ನಗರ ವಿಶ್ವವಿದ್ಯಾಲಯ 1976ರಲ್ಲಿ ಶುಲ್ಕ ಹಾಕಿತು. ಈ ಎಲ್ಲ ಕಷ್ಟದ ಮೂಲ ಪುಸ್ತಕದ ಎರಡು ಭಾಗಗಳ ನಡುವೆ ದಾಟಿಹೋದ ಸಾಲುಗಳಲ್ಲಿತ್ತು. ಇವತ್ತು ನ್ಯೂಯಾರ್ಕ್ ಕಾನೂನಿನ ಪ್ರಕಾರ ಬಜೆಟ್ ಸರಿದೂಗಿಸಲೇಬೇಕು, ಮುಂದಿನ ವರ್ಷಗಳ ಕೊರತೆಯನ್ನೂ ಮುಂಚಿತವಾಗಿ ತೋರಿಸಬೇಕು. ಆ ಶಿಸ್ತು ಬಂದದ್ದು ಆ ಪೆಟ್ಟಿನಿಂದ.

ನೀವು ಮಾಡಬೇಕಾದದ್ದು: ಬಂಡವಾಳ ಲೆಕ್ಕದ ಪುಟಗಳಲ್ಲಿ "ನಿರ್ವಹಣೆ", "ಸಿಬ್ಬಂದಿ ವೆಚ್ಚ", "ಸಲಹಾ ಶುಲ್ಕ", "ಇತರೆ" ಅನ್ನುವ ಸಾಲುಗಳನ್ನು ಹುಡುಕಿ. ಸಾಲದ ಪಟ್ಟಿಯಲ್ಲಿ ಒಂದು ವರ್ಷದೊಳಗೆ ತೀರಿಸಬೇಕಾದ ಸಾಲ ವರ್ಷ ವರ್ಷ ಏರುತ್ತಿದೆಯಾ ನೋಡಿ. ಈ ಎರಡೂ ಒಟ್ಟಿಗೆ ಕಂಡರೆ ಪೆನ್ಸಿಲ್‌ನಲ್ಲಿ ಗಟ್ಟಿಯಾಗಿ ಗೆರೆ ಹಾಕಿ.

ಆದಾಯ: ಯಾರ ಕೈಯಲ್ಲಿದೆ, ಎಷ್ಟು ಬೇಗ ಅಲುಗಾಡುತ್ತದೆ

ಆದಾಯದ ಪಟ್ಟಿಯನ್ನು ಪುಸ್ತಕದಲ್ಲಿ ಇರುವ ಕ್ರಮದಲ್ಲಿ ಓದಬೇಡಿ. ಬೇರೆ ಹಾಳೆಯಲ್ಲಿ ನಿಮ್ಮದೇ ಪಟ್ಟಿ ಮಾಡಿ. ಪ್ರತಿ ಬಾಬ್ತಿನ ಎದುರು ಎರಡು ಪ್ರಶ್ನೆ. ದರ ನಿಗದಿ ಮಾಡುವವರು ಯಾರು? ಊರಿನ ವ್ಯಾಪಾರ ಕುಸಿದರೆ ಇದು ಎಷ್ಟು ತಿಂಗಳಿಗೆ ಕುಸಿಯುತ್ತದೆ?

ಆಸ್ತಿ ತೆರಿಗೆ ನಿಧಾನದ್ದು. ಬಹಳ ನಗರಗಳಿಗೆ ಬೆನ್ನೆಲುಬೇ ಅದು. ನ್ಯೂಯಾರ್ಕಿನಲ್ಲಿ ರಾಜ್ಯದ ಅನುಮತಿ ಇಲ್ಲದೆ ನಗರ ತಾನೇ ದರ ನಿಗದಿ ಮಾಡಬಹುದಾದ ದೊಡ್ಡ ತೆರಿಗೆ ಅದೊಂದೇ. ಅಲ್ಲಿ ದೊಡ್ಡ ಕಟ್ಟಡಗಳ ಮೌಲ್ಯದ ಏರಿಳಿತವನ್ನು ಐದು ವರ್ಷಗಳಲ್ಲಿ ಹಂಚಿ ತೆರಿಗೆಗೆ ಹಚ್ಚುತ್ತಾರೆ. ಇವತ್ತು ಕಟ್ಟಡದ ಬೆಲೆ ಬಿದ್ದರೂ ಖಜಾನೆಗೆ ಪೂರ್ತಿ ಬಿಸಿ ತಟ್ಟುವುದು ಕೆಲವು ವರ್ಷ ಆದ ಮೇಲೆ. ಇದನ್ನು ಮರೆತರೆ ಮೋಸ ಹೋಗುತ್ತೀರಿ. 2020ರ ನಂತರ ಜನ ಮನೆಯಿಂದಲೇ ಕೆಲಸ ಮಾಡಲು ಶುರು ಮಾಡಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಚೇರಿ ಜಾಗದ ಸುಮಾರು ಮೂರನೇ ಒಂದು ಪಾಲು ಖಾಲಿ ಬಿತ್ತು. ತೆರಿಗೆ ಅಂಕಿ ಮೊದಲ ವರ್ಷ ಚೆನ್ನಾಗಿಯೇ ಕಾಣುತ್ತದೆ, ಕೆಳಗೆ ನೆಲ ಜಾರುತ್ತಿರುತ್ತದೆ.

ಕಂಪನಿಗಳ ಲಾಭದ ಮೇಲಿನ ತೆರಿಗೆ, ಮಾರಾಟ ತೆರಿಗೆ, ಆಸ್ತಿ ನೋಂದಣಿ ಶುಲ್ಕ, ಕಟ್ಟಡ ನಕ್ಷೆ ಶುಲ್ಕ ಇವೆಲ್ಲ ಬೇಗ ಅಲುಗಾಡುವಂಥವು. ಟೋಕಿಯೋ ನೋಡಿ. ಅಷ್ಟು ಶ್ರೀಮಂತ ನಗರ. 2008ರ ಜಾಗತಿಕ ಬಿಕ್ಕಟ್ಟಿನ ಬೆನ್ನಿಗೇ, 2009ರ ಹಣಕಾಸು ವರ್ಷದಲ್ಲಿ ಅದರ ತೆರಿಗೆ ಆದಾಯ ಒಂದೇ ವರ್ಷಕ್ಕೆ ಸುಮಾರು ಒಂದು ಲಕ್ಷ ಕೋಟಿ ಯೆನ್ ಇಳಿಯಿತು. ಕಂಪನಿಗಳ ತೆರಿಗೆಯನ್ನು ಜಾಸ್ತಿ ನಂಬಿದ್ದೇ ಕಾರಣ. ಅದಕ್ಕೇ ಅಲ್ಲಿ ಒಳ್ಳೆಯ ವರ್ಷಗಳಲ್ಲಿ ಮೀಸಲು ನಿಧಿ ತುಂಬಿಸಿಕೊಳ್ಳುತ್ತಾರೆ.

ಮೂರನೆಯದು ಇನ್ನೊಬ್ಬರ ಕೈಯಲ್ಲಿರುವ ಹಣ: ಅನುದಾನ, ಪರಿಹಾರ, ಪಾಲು. ಮುಂಬೈಗೆ ವರ್ಷಗಟ್ಟಲೆ ದೊಡ್ಡ ಆದಾಯ ತಂದದ್ದು ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಸುಂಕ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಆಕ್ಟ್ರಾಯ್ ಹೋಯಿತು. ಬದಲಿಗೆ ರಾಜ್ಯ ಸರ್ಕಾರ ತಿಂಗಳು ತಿಂಗಳು ಪರಿಹಾರ ಕೊಡತೊಡಗಿತು, ಮೊದಲ ಚೆಕ್ 647 ಕೋಟಿ ರೂಪಾಯಿಯದ್ದು. ಮೊತ್ತ ಕಡಿಮೆಯೇನಲ್ಲ. ಆದರೆ ಮುಂಚೆ ನಗರ ತಾನೇ ನಾಕಾದಲ್ಲಿ ಕೂತು ವಸೂಲಿ ಮಾಡುತ್ತಿದ್ದ ಹಣ ಈಗ ಬೇರೊಬ್ಬರ ಖಜಾನೆಯಿಂದ ಬರಬೇಕು. ಪುಸ್ತಕದಲ್ಲಿ ಎರಡೂ ಒಂದೇ ಥರದ ಸಂಖ್ಯೆಯಾಗಿ ಕಾಣುತ್ತವೆ, ಬಲದಲ್ಲಿ ಒಂದೇ ಅಲ್ಲ. ಸ್ವಂತ ಆದಾಯ ಒಟ್ಟು ಆದಾಯದ ಎಷ್ಟು ಪಾಲು ಅಂತ ಲೆಕ್ಕ ಹಾಕಿ, ಅದನ್ನು ಹಾಳೆಯ ತುದಿಯಲ್ಲಿ ದೊಡ್ಡದಾಗಿ ಬರೆದಿಡಿ.

ಕೊನೆಗೆ ಒಂದು ಸಲ ಮಾತ್ರ ಬರುವ ಹಣ. ನನಗೆ ಅತಿ ಹೆಚ್ಚು ಚಿಂತೆ ಕೊಡುವ ಬಾಬ್ತು ಇದೇ. ಕೋವಿಡ್ ನಂತರ 2021ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ರಾಜ್ಯಗಳಿಗೂ ಸ್ಥಳೀಯ ಸಂಸ್ಥೆಗಳಿಗೂ 35,000 ಕೋಟಿ ಡಾಲರ್ ಕೊಟ್ಟಿತು. ಯಾವುದಕ್ಕೆ ಖರ್ಚು ಅಂತ 2024ರ ಕೊನೆಯೊಳಗೆ ಗೊತ್ತುಮಾಡಬೇಕು, 2026ರ ಕೊನೆಯೊಳಗೆ ಖರ್ಚು ಮಾಡಿ ಮುಗಿಸಬೇಕು ಅಂತ ಷರತ್ತು. ಆ ಹಣದಲ್ಲಿ ಕೊಳವೆ ಬದಲಿಸಿದ ನಗರಕ್ಕೆ ಕೊಳವೆ ಉಳಿಯಿತು. ಆ ಹಣದಲ್ಲಿ ಕಾಯಂ ಹುದ್ದೆ ತುಂಬಿದ ನಗರಕ್ಕೆ ಹಣ ಮುಗಿದ ಮೇಲೂ ಸಂಬಳ ಉಳಿಯಿತು.

ಶಿಕಾಗೋದ ಪಾರ್ಕಿಂಗ್ ಮೀಟರ್ ಕತೆಯನ್ನು ಇದರ ಜತೆಗೇ ಓದಬೇಕು. 2008ರ ಡಿಸೆಂಬರಿನಲ್ಲಿ ಆ ನಗರ ತನ್ನ ಸುಮಾರು 36,000 ಮೀಟರುಗಳ ಆದಾಯವನ್ನು 75 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು. ಕೈಗೆ ಬಂದದ್ದು ಸುಮಾರು 115 ಕೋಟಿ ಡಾಲರ್. ಪ್ರಸ್ತಾವ ಮುಂದೆ ಬಂದ ಕೆಲವೇ ದಿನಗಳಲ್ಲಿ ಕೌನ್ಸಿಲ್ ಒಪ್ಪಿಗೆ ಕೊಟ್ಟಿತು. ಮಾರನೇ ವರ್ಷ ನಗರದ ಇನ್‌ಸ್ಪೆಕ್ಟರ್ ಜನರಲ್, ಅಂದರೆ ನಗರಾಡಳಿತದ ಅಕ್ರಮ, ಪೋಲು ಪರಿಶೀಲಿಸುವ ಅಧಿಕಾರಿಯ ವರದಿ ಬಂತು. ಈ ಗುತ್ತಿಗೆಯ ನಿಜವಾದ ಬೆಲೆಗಿಂತ ನಗರಕ್ಕೆ ಸುಮಾರು 97 ಕೋಟಿ ಡಾಲರ್ ಕಡಿಮೆ ಸಿಕ್ಕಿದೆ ಅಂತ ಅದರಲ್ಲಿತ್ತು. ಬಂದ ಹಣದ ಬಹುಪಾಲು ಕೆಲವೇ ವರ್ಷಗಳಲ್ಲಿ ಬಜೆಟ್ ಕೊರತೆ ತುಂಬಲು ಹೋಯಿತು. ಗುತ್ತಿಗೆ ಇರುವುದು 2083ರವರೆಗೆ. ಗುತ್ತಿಗೆ ಹಣ ಬಂದ ವರ್ಷದ ಬಜೆಟ್ ಓದಿದವರಿಗೆ ಆದಾಯದ ಪಟ್ಟಿಯಲ್ಲಿ ಒಂದು ಸುಂದರ ದೊಡ್ಡ ಸಂಖ್ಯೆ ಕಂಡಿರುತ್ತದೆ. ಅಂಥ ಸಂಖ್ಯೆ ಕಂಡಾಗ ಕೇಳಬೇಕಾದದ್ದು ಎರಡು ಮಾತು. ಮುಂದಿನ ವರ್ಷವೂ ಬರುತ್ತಾ? ಇದಕ್ಕೆ ನಾವು ಏನನ್ನು ಮಾರಿದೆವು?

ಖರ್ಚು: ಕೈಗೆ ಸಿಗುವುದು ಎಷ್ಟು

ಸಂಬಳ, ಪಿಂಚಣಿ, ಸಾಲದ ಅಸಲು-ಬಡ್ಡಿ, ಆಗಲೇ ಸಹಿ ಹಾಕಿದ ಗುತ್ತಿಗೆ, ವಿದ್ಯುತ್ ಬಿಲ್ಲು. ಇವು ಬಿಡಲಾಗದ ಖರ್ಚು. ಇವನ್ನೆಲ್ಲ ಕೂಡಿ ಒಟ್ಟು ಆದಾಯದಿಂದ ಕಳೆಯಿರಿ. ಉಳಿದದ್ದೇ ನಗರ ತನ್ನ ಇಷ್ಟದಂತೆ ತೀರ್ಮಾನ ಮಾಡಬಹುದಾದ ಹಣ. ಬಜೆಟ್ ಚರ್ಚೆಯಲ್ಲಿ ಇಷ್ಟೊಂದು ಜಗಳ ನಡೆಯುವುದು ನಿಜಕ್ಕೂ ಈ ಸಣ್ಣ ತುಂಡಿನ ಬಗ್ಗೆ.

ಪಿಂಚಣಿ ಪುಟವನ್ನು ಬಿಡಬೇಡಿ. ಶಿಕಾಗೋದ ನೌಕರರ ನಾಲ್ಕು ಪಿಂಚಣಿ ನಿಧಿಗಳಲ್ಲಿ ಕೊಡಬೇಕಾದದ್ದರ ಕಾಲು ಭಾಗದಷ್ಟೇ ಹಣ ಇದೆ. ಉಳಿದದ್ದು ಬರುವ ವರ್ಷಗಳ ತೆರಿಗೆಯಿಂದ ಬರಬೇಕು.

ಡೆಟ್ರಾಯಿಟ್‌ನಲ್ಲಿ 1950ರಲ್ಲಿ 18.5 ಲಕ್ಷ ಜನ ಇದ್ದರು. 2010ಕ್ಕೆ ಉಳಿದದ್ದು ಸುಮಾರು 7.1 ಲಕ್ಷ. ಜನ ಹೋದರು, ಬೀದಿಗಳ ಉದ್ದ ಅಷ್ಟೇ ಉಳಿಯಿತು, ಕೊಳವೆಗಳ ಉದ್ದವೂ ಅಷ್ಟೇ, ನಿವೃತ್ತ ನೌಕರರೂ ಅಷ್ಟೇ. 2013ರ ಜುಲೈ 18ರಂದು ನಗರ ದಿವಾಳಿ ಅರ್ಜಿ ಹಾಕಿತು. ಸಾಲ ಸುಮಾರು 1,800 ಕೋಟಿ ಡಾಲರ್, ಅಮೆರಿಕದ ನಗರಗಳ ಇತಿಹಾಸದಲ್ಲೇ ದೊಡ್ಡ ದಿವಾಳಿ. ಆ ಹೊತ್ತಿಗೆ ಊರಿನ ಬೀದಿ ದೀಪಗಳಲ್ಲಿ ಸುಮಾರು ಶೇ. 40 ಉರಿಯುತ್ತಿರಲಿಲ್ಲ. ಅದಕ್ಕೇ ನಾನು ಯಾವ ಅಂಕಿಯನ್ನಾದರೂ ಎರಡು ಸಲ ಭಾಗಿಸಿ ನೋಡುತ್ತೇನೆ. ಒಮ್ಮೆ ಜನಸಂಖ್ಯೆಯಿಂದ, ಇನ್ನೊಮ್ಮೆ ಬೆಲೆ ಏರಿಕೆಯಿಂದ. ಬಜೆಟ್ ಶೇ. 5 ಹೆಚ್ಚಾಯಿತು ಅಂದರೆ ಬೆಲೆ ಶೇ. 6 ಏರಿರುವ ವರ್ಷದಲ್ಲಿ ಅದು ಕಡಿತವೇ.

ಕೆಲವು ಹೊರೆ ಯಾವ ಸಾಲಿನಲ್ಲೂ ಇರುವುದಿಲ್ಲ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಇರುವ ನಗರ. 2023ರ ಸೆಪ್ಟೆಂಬರ್ 5ರಂದು ಅದರ ಕೌನ್ಸಿಲ್ ಅಗತ್ಯ ಸೇವೆ ಬಿಟ್ಟು ಹೊಸ ಖರ್ಚು ನಿಲ್ಲಿಸುವ ನೋಟಿಸ್ ಹೊರಡಿಸಿತು. ಮುಖ್ಯ ಕಾರಣಗಳಲ್ಲಿ ಒಂದು, ಮಹಿಳಾ ನೌಕರರಿಗೆ ಸಮಾನ ಸಂಬಳ ಕೊಡದೆ ಬಾಕಿ ಉಳಿಸಿಕೊಂಡದ್ದು. ಆಗಿನ ಅಂದಾಜು 76 ಕೋಟಿ ಪೌಂಡ್‌ವರೆಗೆ ಹೋಗಿತ್ತು. 2024ರಲ್ಲಿ ಅಲ್ಲಿನ ಮನೆಗಳ ಕೌನ್ಸಿಲ್ ತೆರಿಗೆ ಶೇ. 9.99 ಏರಿತು. ಇಂಥದ್ದು ಆಡಿಟ್ ಲೆಕ್ಕದ ಹಿಂದಿನ ಟಿಪ್ಪಣಿಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ: ನ್ಯಾಯಾಲಯದ ಕೇಸುಗಳು, ಸಂಭಾವ್ಯ ಹೊಣೆಗಳು, ಬೇರೆ ಸಂಸ್ಥೆಯ ಸಾಲಕ್ಕೆ ಕೊಟ್ಟ ಖಾತರಿ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿ.

ಮುನ್ನೋಟವನ್ನು ಪರೀಕ್ಷಿಸುವುದು

ಈಗ ಸ್ಕೇಲ್ ಸರಿಸಿ ಬರುವ ವರ್ಷದ ಕಾಲಂ ನೋಡಿ. ಮುನ್ನೋಟ ಅಂದರೆ ಊಹೆಗಳ ಸರಪಳಿ. ಉದ್ಯೋಗ ಇಷ್ಟು ಹೆಚ್ಚುತ್ತದೆ, ಆದ್ದರಿಂದ ಇಷ್ಟು ಮನೆ ಮಾರಾಟ ಆಗುತ್ತದೆ, ಆದ್ದರಿಂದ ಇಷ್ಟು ಶುಲ್ಕ ಬರುತ್ತದೆ. ಆ ಊಹೆಗಳನ್ನು ಎಲ್ಲಾದರೂ ಬರೆದಿದ್ದಾರಾ? ಬರೆಯದೆ ಇದ್ದರೆ ಅದೇ ಮೊದಲ ಪ್ರಶ್ನೆ.

ಒಂದು ಸುಲಭದ ಪರೀಕ್ಷೆ ಇದೆ. ಪ್ರತಿ ತೆರಿಗೆಯ ಐದು ವರ್ಷದ ವಾಸ್ತವ ಬೆಳವಣಿಗೆಯ ಸರಾಸರಿ ತೆಗೆಯಿರಿ. ಅದು ಶೇ. 6 ಅಂತಿಟ್ಟುಕೊಳ್ಳಿ. ಬರುವ ವರ್ಷಕ್ಕೆ ಶೇ. 22 ಅಂತ ಬರೆದಿದ್ದರೆ ಕಾರಣ ಬೇಕು. ದರ ಏರಿಸುತ್ತಾರಾ? ತೆರಿಗೆ ಪಟ್ಟಿಗೆ ಬಾರದ ಕಟ್ಟಡಗಳನ್ನು ಸೇರಿಸುತ್ತಾರಾ? ಹಳೆ ಬಾಕಿ ವಸೂಲಿ ಮಾಡುತ್ತಾರಾ? ಮೊದಲಿನ ಎರಡು ಮುಂದೆಯೂ ಉಳಿಯುವ ಆದಾಯ. ಬಾಕಿ ವಸೂಲಿ ಒಂದು ಸಲದ್ದು. ಅದರ ಮೇಲೆ ಕಾಯಂ ಖರ್ಚು ಕಟ್ಟಿದರೆ ಮೂರನೇ ವರ್ಷಕ್ಕೆ ಕೊರತೆ ಎದ್ದು ಕೂರುತ್ತದೆ.

ಬೇರೆಯವರ ಮುನ್ನೋಟ ಸಿಕ್ಕರೆ ಪಕ್ಕದಲ್ಲಿಟ್ಟು ಓದಿ. ನ್ಯೂಯಾರ್ಕಿನಲ್ಲಿ ಮೇಯರ್ ಅಂದಾಜಿಗೆ ಎದುರಾಗಿ ಸ್ವತಂತ್ರ ಬಜೆಟ್ ಕಚೇರಿ ತನ್ನದೇ ಅಂದಾಜು ಕೊಡುತ್ತದೆ. 1989ರಲ್ಲಿ ನಗರದ ಸನ್ನದು ತಿದ್ದಿ ಈ ವ್ಯವಸ್ಥೆ ತಂದರು. ಮೇಯರ್ ತಮ್ಮ ಇಷ್ಟಕ್ಕೆ ಅದರ ಹಣ ಕಡಿತ ಮಾಡಲು ಆಗದಂತೆ ರಕ್ಷಣೆಯೂ ಇದೆ. ಪ್ರತಿ ದೊಡ್ಡ ನಗರಕ್ಕೂ ಇಂಥದ್ದೊಂದು ಬೇಕು ಅಂತ ನಾನು ಬಲವಾಗಿ ನಂಬಿದ್ದೇನೆ. ಇಲ್ಲದ ಕಡೆ ನಗರದ ಸಾಲ ತೀರಿಸುವ ಶಕ್ತಿ ಅಳೆಯುವ ರೇಟಿಂಗ್ ವರದಿ, ಆಡಿಟ್ ವರದಿ ಆ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುತ್ತವೆ. ನಿಮ್ಮ ಕಣ್ಣಿಗೆ ಬೀಳುವ ಸುಳಿವುಗಳೂ ಇವೆ: ತಿಂಗಳ ಆಸ್ತಿ ನೋಂದಣಿ, ಹೊಸ ಕಟ್ಟಡದ ಅರ್ಜಿ, ಬಸ್-ಮೆಟ್ರೋ ಪ್ರಯಾಣಿಕರ ಸಂಖ್ಯೆ, ಖಾಲಿ ಬಿದ್ದ ಕಚೇರಿ ಜಾಗ. ಇವು ಬಜೆಟ್‌ಗಿಂತ ಮುಂಚೆ ಮಾತಾಡುತ್ತವೆ. ಒಂದು ಎಚ್ಚರ ಮಾತ್ರ. ಊರು ಬೆಳೆದರೆ ಖಜಾನೆ ಬೆಳೆದಂತೆ ಅಲ್ಲ. ಸಾವಿರಾರು ಉದ್ಯೋಗ ಬಂದು, ಅದರ ತೆರಿಗೆ ಕೇಂದ್ರಕ್ಕೋ ರಾಜ್ಯಕ್ಕೋ ಹೋದರೆ ನಗರಕ್ಕೆ ಉಳಿಯುವುದು ಟ್ರಾಫಿಕ್ ಮತ್ತು ಕಸ.

ಆಮೇಲೆ ಕೆಟ್ಟ ವರ್ಷದ ಲೆಕ್ಕ ಹಾಕಿ. ಒಟ್ಟು ಆದಾಯ 100 ಅಂತಿಟ್ಟುಕೊಳ್ಳಿ. ಬೇಗ ಅಲುಗಾಡುವ ಆದಾಯ 40, ನಿಧಾನದ್ದು 35, ಅನುದಾನ 25. ಮೊದಲನೆಯದು ಶೇ. 15 ಬಿದ್ದರೆ 6 ಹೋಯಿತು. ಅನುದಾನದಲ್ಲಿ ಶೇ. 10 ತಡವಾದರೆ ಇನ್ನೂ ಎರಡೂವರೆ. ಒಟ್ಟು ಎಂಟೂವರೆ. ಬಿಡಲಾಗದ ಖರ್ಚು 85 ಇದ್ದರೆ ಕೈಯಲ್ಲಿದ್ದ 15ರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು. ಈಗ ಮೀಸಲು ನಿಧಿಯ ಪುಟ ತೆರೆಯಿರಿ. ಕನಿಷ್ಠ ಎರಡು ತಿಂಗಳ ಖರ್ಚಿನಷ್ಟು ಮೀಸಲು ಇರಲಿ ಅಂತ ಅಮೆರಿಕ-ಕೆನಡಾದ ಸರ್ಕಾರಿ ಹಣಕಾಸು ಅಧಿಕಾರಿಗಳ ಸಂಘ ಹೇಳುತ್ತದೆ. ನಿಮ್ಮ ನಗರದಲ್ಲಿ ಎಷ್ಟು ತಿಂಗಳಿಗೆ ಆಗುತ್ತೆ? ಆ ನಿಧಿ ನಿಜವಾಗಿ ಮುಕ್ತವಾಗಿದೆಯಾ, ಅಥವಾ ಆಗಲೇ ಯಾವುದೋ ಯೋಜನೆಗೆ ಮೀಸಲಾಗಿದೆಯಾ? ಅಂತಿಮ ಶಿಲ್ಕು (ವರ್ಷದ ಕೊನೆಗೆ ಕೈಯಲ್ಲಿ ಉಳಿದದ್ದು) ಅಂತ ತೋರಿಸಿದ ಹಣದಲ್ಲಿ ಠೇವಣಿದಾರರ ಹಣ ಎಷ್ಟು, ಖರ್ಚಾಗದೆ ಉಳಿದ ಅನುದಾನ ಎಷ್ಟು ಅಂತಲೂ ಬಿಡಿಸಿ ಕೇಳಿ.

ಪ್ರಶ್ನೆ ಕೇಳುವಾಗ

ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಿಂದ ಬಜೆಟ್ಟಿನ ಒಂದು ಭಾಗವನ್ನು ಬಡಾವಣೆ ಸಭೆಗಳಲ್ಲಿ ಜನರೇ ತೀರ್ಮಾನಿಸುವ ಪದ್ಧತಿ ತಂದಿತು. ಓದು ಬರಹ ಜಾಸ್ತಿ ಇಲ್ಲದವರೂ ಬಂದು ಚರಂಡಿ ಮೊದಲೋ ರಸ್ತೆ ಮೊದಲೋ ಅಂತ ವಾದ ಮಾಡಿದರು. ಬಜೆಟ್ ಪಂಡಿತರ ಸೊತ್ತಲ್ಲ ಅನ್ನುವುದಕ್ಕೆ ನನಗೆ ಅದಕ್ಕಿಂತ ಸಾಕ್ಷಿ ಬೇಡ.

ನಿಮ್ಮ ಪ್ರಶ್ನೆ ಚಿಕ್ಕದಿರಲಿ. "ಕಾಲುವೆಗೆ ಏನು ಮಾಡಿದ್ದೀರಿ?" ಅಂದರೆ ಉತ್ತರವಾಗಿ ಒಂದು ಭಾಷಣ ಬರುತ್ತದೆ. ಹೀಗೆ ಕೇಳಿ: "ಪುಟ ಇಷ್ಟು, ಲೆಕ್ಕಶೀರ್ಷಿಕೆ ಇಷ್ಟು. ಮುಗಿದ ವರ್ಷ 100 ಅಂದಾಜು ಇಟ್ಟು 58 ಖರ್ಚು ಮಾಡಿದ್ದೀರಿ. ಉಳಿದ 42 ಎಲ್ಲಿ ಹೋಯಿತು? ಈ ಸಲ 140 ಖರ್ಚು ಮಾಡಲು ಟೆಂಡರ್ ಎಷ್ಟಕ್ಕೆ ಕರೆದಾಗಿದೆ?" ಇದನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಬರಹದಲ್ಲಿ ಕೊಡಿ, ದಿನಾಂಕ ಹಾಕಿಸಿಕೊಂಡು ಸ್ವೀಕೃತಿ ಪಡೆಯಿರಿ, ನಕಲು ನಿಮ್ಮ ವಾರ್ಡಿನ ಸದಸ್ಯರಿಗೂ ಕೊಡಿ. ಒಂದು ಸಲಕ್ಕೆ ಎರಡು-ಮೂರು ಸಾಲು ಸಾಕು. ಒಬ್ಬರೇ ಇಡೀ ಪುಸ್ತಕ ಹೊರಲು ಹೋಗಬೇಡಿ. ನೀರಿನ ಸಾಲು ಒಬ್ಬರು, ಶಾಲೆಯ ಸಾಲು ಇನ್ನೊಬ್ಬರು ಹಂಚಿಕೊಳ್ಳಿ.

ಉತ್ತರ ಬಂದರೆ ಅದನ್ನು ಪುಸ್ತಕದ ಅದೇ ಪುಟದ ಅಂಚಿನಲ್ಲಿ ದಿನಾಂಕ ಸಮೇತ ಬರೆದಿಡಿ. ಮೂರು ತಿಂಗಳಿಗೊಮ್ಮೆ ಆದಾಯ-ಖರ್ಚಿನ ವರದಿ ಬರುವ ಕಡೆ ಆ ಸಾಲನ್ನು ಮತ್ತೆ ತೆಗೆದು ನೋಡಿ. ಅರ್ಧ ವರ್ಷ ಕಳೆದರೂ ಖರ್ಚು ಕಾಲು ಭಾಗ ದಾಟದಿದ್ದರೆ ಪರಿಷ್ಕೃತ ಅಂದಾಜು ಬರೆಯುವ ಮುಂಚೆಯೇ ಎರಡನೇ ಪತ್ರ ಬರೆಯಿರಿ. ಆಗ ಬರೆದರೆ ಹಣ ಬೇರೆ ಕಡೆ ತಿರುಗುವುದನ್ನು ತಡೆಯಲು ಇನ್ನೂ ಸಮಯ ಇರುತ್ತದೆ.